ಟ್ರ್ಯಾಕ್ಟರ್ ಓಡಿಸುವವರು ಯಾರು?

ಅವಳು ಹದಿನಾಲ್ಕನೆಯ ಸಾಲಿನ ಅರ್ಧಕ್ಕೆ ಬಂದಿದ್ದಳು. ಬಾಯಲ್ಲಿ ಹಳೆ ಬಟ್ಟೆಯ ನಾಲ್ಕು ಪಟ್ಟಿ, ಎಡಗೈಯಲ್ಲಿ ದ್ರಾಕ್ಷಿಯ ಎಳೆ ಕುಡಿ. ಕುಡಿಯನ್ನು ತಂತಿಯ ಮೇಲೆ ಬಾಗಿಸಿ ಒಂದು ಪಟ್ಟಿ ಕಟ್ಟಬೇಕು. ಬಿಗಿದರೆ ಕುಡಿ ಮುರಿಯುತ್ತದೆ, ಸಡಿಲ ಬಿಟ್ಟರೆ ಗಾಳಿಗೆ ಜಾರುತ್ತದೆ. ಹತ್ತೊಂಬತ್ತು ವರ್ಷ ಈ ಬಳ್ಳಿಗಳ ಜೊತೆ ಇದ್ದ ಬೆರಳುಗಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬಸ್ ಡ್ಯೂಟಿ ಮುಗಿಸಿದ ಗಂಡ ಸಮವಸ್ತ್ರದಲ್ಲೇ ಬಂದು ಸಾಲಿನ ತುದಿಯಲ್ಲಿ ನಿಂತ.

"ಟ್ರ್ಯಾಕ್ಟರ್ ನೋಡ್ಕೊಂಡು ಬಂದೆ ಕಣೆ. ಮೂವತ್ತು ಎಚ್‌ಪಿದು. ಕೂತ್ರೆ ರಾಜ ಕೂತ ಹಾಗಿದೆ. ಸೋಮವಾರ ತಂದುಬಿಡೋಣ."

ಬಾಯಲ್ಲಿ ಪಟ್ಟಿಗಳಿದ್ದುದರಿಂದ ಅವಳು ಉತ್ತರ ಹೇಳಬೇಕಾಗಲಿಲ್ಲ. ಅದೇ ಒಳ್ಳೆಯದಾಯಿತು ಎನ್ನಿಸಿತು.

ಟ್ರ್ಯಾಕ್ಟರ್ ಬೇಕೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಬಾಡಿಗೆ ಗಾಡಿಯವನು ಬಾ ಎಂದ ದಿನ ಬರುವುದಿಲ್ಲ, ಬರುವ ಹೊತ್ತಿಗೆ ಕಳೆ ಮೊಣಕಾಲು ಮುಟ್ಟಿರುತ್ತದೆ. ಔಷಧಿ ಸಿಂಪಡಣೆ ಎರಡು ದಿನ ತಡವಾದರೂ ಎಲೆಗೆ ರೋಗ ಹತ್ತುತ್ತದೆ. ಗಂಡ ವಾರದಲ್ಲಿ ಆರು ದಿನ ಬಸ್ಸಿನ ಮೇಲೆ. ಹಾಗಾಗಿ ಓಡಿಸುವವಳು ಅವಳೇ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬಾಯಿ ಬಿಟ್ಟು ಮಾತ್ರ ಯಾರೂ ಹೇಳಿರಲಿಲ್ಲ.

ಗೆಳೆಯನೊಬ್ಬನ ಗಾಡಿ ತಂದು ಗಂಡನೇ ಅವಳಿಗೆ ಎರಡು ಭಾನುವಾರ ಕಲಿಸಿದ್ದ. ಎರಡನೆಯ ಭಾನುವಾರ ಅವನು ನೀರು ಕುಡಿಯಲು ಹೋಗಿದ್ದಾಗ, ಕಾಲುವೆಯ ಕಡೆಯ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಲು ಅವಳು ಕ್ಲಚ್, ಬ್ರೇಕ್ ಎರಡನ್ನೂ ಒತ್ತಿದಳು. ಕ್ಲಚ್ಚಿನ ಮೇಲಿನ ಕಾಲು ಕೊನೆವರೆಗೆ ಹೋಗಲಿಲ್ಲ. ಗಾಡಿ ನಿಲ್ಲಲಿಲ್ಲ. ಎಂಜಿನ್ ಆರಿಸುವ ಗುಂಡಿ ಕೈಗೆ ಸಿಗುವಷ್ಟರಲ್ಲಿ ಮುಂದಿನ ಗಾಲಿಗೂ ದಂಡೆಗೂ ಎರಡು ಮೊಳ ಉಳಿದಿತ್ತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಕುಂದು ತನ್ನ ಕಾಲಿನದೇ ಎಂದುಕೊಂಡಳು. ಉದ್ದ ಸಾಲದ ಕಾಲಿನ ಬಗ್ಗೆ ಹೇಳಿಕೊಳ್ಳುವುದಾದರೂ ಏನು?

ಗಂಡ ಗಾಡಿ ನೋಡಿಬಂದ ಮರುದಿನ ನಾದಿನಿ ಬಂದಳು. ಗಂಡನ ತಂಗಿ. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಕೆಲಸ. ಬೋಲ್ಟಿನ ಸದ್ದು ಕೇಳಿಯೇ ಅಳತೆ ಹೇಳುತ್ತಾಳೆ ಎಂದು ಜನ ನಗುತ್ತಿದ್ದರು. ನಾಲ್ಕು ವರ್ಷದ ಹಿಂದೆ ಅವಳ ಗಂಡ ನಿಂಬೆ ತೋಟದಲ್ಲಿ ಗಾಡಿ ಮಗುಚಿ ತೀರಿಕೊಂಡಿದ್ದ.

"ಸೋಮವಾರ ತರ್ತೀಯಂತೆ. ಯಾವುದರ ಜೊತೆ ಹೋಲಿಸಿ ನೋಡಿದೆ ಅಣ್ಣ?" ಎಂದಳು.

"ಹೋಲಿಸೋದೇನು? ಅರವತ್ತು ಜನ ಕೂತ ಬಸ್ ಓಡಿಸ್ತೀನಿ. ನನಗೆ ಗಾಡಿ ಗೊತ್ತಾಗಲ್ವ?"

"ಬಸ್ಸಿಗೆ ರಸ್ತೆ ಅವರೇ ಮಾಡಿಕೊಟ್ಟಿರ್ತಾರೆ. ನಿನ್ನ ಸಾಲು ಎಷ್ಟು ಅಗಲ?"

"ಏಳಡಿ. ಗಾಡಿ ಐದಡಿ. ಕಣ್ಣು ಮುಚ್ಚಿ ಓಡಿಸಬಹುದು."

ಬಾಗಿಲಲ್ಲಿ ಕೂತಿದ್ದ ಅತ್ತೆ, "ಈಗ ಆಗ್ತಿರೋದೂ ಅದೇ, ಕಣ್ಣು ಮುಚ್ಚಿಕೊಂಡೇ," ಎಂದರು.

ನಾದಿನಿ ಅಳತೆ ಪಟ್ಟಿ ಹಿಡಿದು ತೋಟಕ್ಕೆ ನಡೆದಳು. ಅಣ್ಣ ಬುಡದಿಂದ ಬುಡಕ್ಕೆ ಹಿಡಿದ. ಏಳಡಿ ಸರಿಯಾಗಿತ್ತು.

"ಬಳ್ಳಿ ನಿಂತಿರೋದನ್ನ ಅಳೀಬೇಡ, ಚಾಚಿರೋದನ್ನ ಅಳಿ," ಎಂದಳು ನಾದಿನಿ. ಸೊಂಟದೆತ್ತರದಲ್ಲಿ, ಎಲೆಯಿಂದ ಎಲೆಗೆ ಪಟ್ಟಿ ಹಿಡಿದಾಗ ನಾಲ್ಕೂವರೆ ಅಡಿ ಬಂತು.

ಗಂಡ ಪಟ್ಟಿಯನ್ನು ಇನ್ನೊಂದು ಸಲ ಎಳೆದು ನೋಡಿದ. ಪಟ್ಟಿ ಮಾತು ಬದಲಿಸಲಿಲ್ಲ.

"ಎಲೆ ತಾನೇ, ಸ್ವಲ್ಪ ಉದುರಿದ್ರೆ ಉದುರಲಿ."

"ನಮ್ಮವರೂ ಹಾಗೇ ಅಂದಿದ್ರು," ಎಂದಳು ನಾದಿನಿ. ದನಿ ಏರಲಿಲ್ಲ. "ಕೊಂಬೆಗಿಂತ ಎತ್ತರದ ಗಾಡಿ ತಂದ್ವಿ. ಸೀಟಿನ ಹಿಂದೆ ಗಾಡಿ ಮಗುಚಿದ್ರೂ ತಲೆ ಕಾಯೋ ಕಬ್ಬಿಣದ ಕಮಾನು ಇರುತ್ತಲ್ಲ, ಅದು ಕೊಂಬೆಗೆ ತಗಲ್ತಿತ್ತು. ಮಡಚಿ ಇಟ್ರು. ಮೂರು ವರ್ಷ ಏನೂ ಆಗಲಿಲ್ಲ. ಕೊಳ್ಳೋ ದಿನ ಗಾಡಿಯ ಎತ್ತರ, ಕೊಂಬೆಯ ಎತ್ತರ ಎರಡನ್ನೂ ಅಳೆದಿದ್ರೆ ಮಡಚೋ ಮಾತೇ ಬರ್ತಿರಲಿಲ್ಲ."

ಅವಳು ನಾದಿನಿಯ ಕೈ ನೋಡಿದಳು. ಆ ಕೈ ಅಳತೆ ಪಟ್ಟಿಯನ್ನು ಸುತ್ತುತ್ತಿತ್ತು, ಬಿಚ್ಚುತ್ತಿತ್ತು, ಮತ್ತೆ ಸುತ್ತುತ್ತಿತ್ತು.

ಸೋಮವಾರ ಗಂಡ ರಜೆ ಹಾಕಿದ. ನಾದಿನಿಯೂ ಸೇರಿ ಮೂವರು ಟ್ರ್ಯಾಕ್ಟರ್ ಮಾರುವ ಅಂಗಡಿಗೆ ಹೋದರು. ಸಿಮೆಂಟಿನ ಅಂಗಳದಲ್ಲಿ ಮಿನಿ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಮಾರಾಟಗಾರ ಪುಸ್ತಕ ತೆರೆದು ಪೆನ್ನು ಹಿಡಿದ.

"ಓಡಿಸೋರು ಯಾರು ಸರ್?"

"ನಾನೇ," ಎಂದ ಗಂಡ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಇಪ್ಪತ್ತು ವರ್ಷ ಸ್ಟೀರಿಂಗ್ ಹಿಡಿದವನ ಬಾಯಿಗೆ ತಾನಾಗಿ ಬಂದ ಮಾತು. ಆದರೆ ಆ ಎರಡಕ್ಷರ ಕೇಳಿದೊಡನೆ ಅವಳಿಗೆ ಎಲ್ಲ ತಿಳಿಯಿತು. ಇಷ್ಟು ದಿನ ಅವನು ತನ್ನ ಕಾಲಿಗೆ, ತನ್ನ ತೋಳಿಗೆ ಸರಿಹೊಂದುವ ಗಾಡಿ ಹುಡುಕಿದ್ದ. ಅದರ ಮೇಲೆ ಕೂರಬೇಕಾದ ದೇಹ ಅವನ ಲೆಕ್ಕದಲ್ಲೇ ಇರಲಿಲ್ಲ. ಅವಳ ಲೆಕ್ಕದಲ್ಲಿಯೂ ಇರಲಿಲ್ಲ.

"ನಾನು ಓಡಿಸೋದು," ಎಂದಳು. "ಇವರಿಗೆ ವಾರಕ್ಕೆ ಒಂದೇ ದಿನ ಬಿಡುವು."

ಮಾರಾಟಗಾರ ಪೆನ್ನು ಕೆಳಗಿಟ್ಟ. "ಹಾಗಿದ್ರೆ ನೀವೇ ಹತ್ತಿ ನೋಡಿ ಅಮ್ಮ."

ಅವಳು ಮೂವತ್ತು ಎಚ್‌ಪಿಯ ಗಾಡಿ ಹತ್ತಿದಳು. ಕ್ಲಚ್ ಪೂರ್ತಿ ಒತ್ತಬೇಕಾದರೆ ಸೊಂಟ ಸೀಟಿನಿಂದ ಮುಂದೆ ಜಾರಿತು, ಬೆನ್ನು ಗಾಳಿಯಲ್ಲಿ ನಿಂತಿತು.

"ಒಂದು ದಿಂಬು ಇಟ್ರಾಯ್ತು," ಎಂದ ಗಂಡ.

"ಇಳಿಜಾರಲ್ಲಿ ದಿಂಬು ಮೊದಲು ಜಾರುತ್ತೆ, ಹಿಂದೆ ಅತ್ತಿಗೆ," ಎಂದಳು ನಾದಿನಿ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಟ್ರ್ಯಾಕ್ಟರ್‌ಗೆ ಉಲ್ಟಾ ಅಣ್ಣ, ಕಾಲು ಇದ್ದಷ್ಟು ಗಾಡಿ ತಗೋ."

ಆಗ ಅವಳು ಆ ಭಾನುವಾರದ ಮಾತು ಹೇಳಿದಳು. ಮೆಲ್ಲಗೆ, ಸ್ಟೀರಿಂಗ್ ನೋಡುತ್ತಲೇ ಹೇಳಿದಳು. ಎರಡು ಮೊಳ ಎಂದಾಗ ಗಂಡ ಗಾಡಿಯ ಬಾನೆಟ್ ಹಿಡಿದುಕೊಂಡ.

"ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ."

ಆಮೇಲಿನ ಪ್ರಶ್ನೆಗಳನ್ನು ಅವನೇ ಕೇಳಿದ. ಕೊನೆಯಲ್ಲಿ ನಿಂತಿದ್ದ ಇಪ್ಪತ್ತನಾಲ್ಕು ಎಚ್‌ಪಿಯ ಗಾಡಿ ಎಷ್ಟು ಅಗಲ? ಮೂರೂಮುಕ್ಕಾಲು ಅಡಿ. ಸೀಟು ಮುಂದೆ ಬರುತ್ತದೆಯೇ? ಬರುತ್ತದೆ. ಅವಳು ಕೂತಳು, ಕ್ಲಚ್ ಒತ್ತಿದಳು, ಬೆನ್ನು ಸೀಟಿಗೆ ಆತುಕೊಂಡೇ ಇತ್ತು. ಎಂಜಿನ್ನಿನ ಎಚ್‌ಪಿ ಬೇರೆ, ಸಿಂಪಡಣೆ ಯಂತ್ರವನ್ನು ತಿರುಗಿಸುವ ಹಿಂದಿನ ದಂಡಕ್ಕೆ ಸಿಗುವ ಎಚ್‌ಪಿ ಬೇರೆ, ಅದು ಸ್ವಲ್ಪ ಕಡಿಮೆಯೇ ಇರುತ್ತದೆ ಎಂದು ನಾದಿನಿ ಹೇಳಿಕೊಟ್ಟಳು. ಅವರ ಯಂತ್ರಕ್ಕೆ ಎಷ್ಟು ಬೇಕೋ ಅಷ್ಟು ಇತ್ತು. ಗಾಡಿ ಹಿಂದೆ ಎತ್ತಬಲ್ಲ ಭಾರವನ್ನು ನೀರು ತುಂಬಿದ ಔಷಧಿ ಟ್ಯಾಂಕಿನ ತೂಕದೊಡನೆ ಹೋಲಿಸಿದರು. ಬಿಡಿಭಾಗ ಎಲ್ಲಿ ಸಿಗುತ್ತದೆ, ಕೆಟ್ಟರೆ ರಿಪೇರಿಯವರು ಎಷ್ಟು ದಿನದಲ್ಲಿ ಬರುತ್ತಾರೆ ಎಂದೂ ಕೇಳಿದರು.

"ಒಪ್ಪಿಗೆನಾ?" ಎಂದ ಮಾರಾಟಗಾರ.

"ನಮ್ಮ ತೋಟಕ್ಕೆ ತನ್ನಿ. ನಮ್ಮ ಟ್ಯಾಂಕು ಕಟ್ಟಿ, ನಮ್ಮ ಇಳಿಜಾರಲ್ಲಿ ಓಡಿಸಿ ನೋಡಿ ಹೇಳ್ತೀವಿ," ಎಂದಳು ಅವಳು.

ಗುರುವಾರ ಗಾಡಿ ತೋಟಕ್ಕೆ ಬಂತು. ಮೊದಲು ಮಾರಾಟಗಾರನೇ ಓಡಿಸಿ ತೋರಿಸಿದ. ತುಂಬಿದ ಟ್ಯಾಂಕು ಹೊತ್ತು ದಿಬ್ಬ ಏರುವಾಗ ಮುಂದಿನ ಗಾಲಿಗಳು ಹಗುರಾದವು. ಅಂಗಳದಲ್ಲಿ ಇದು ಕಂಡಿರಲಿಲ್ಲ. ಅವನು ಮುಂಭಾಗಕ್ಕೆ ಕಬ್ಬಿಣದ ಭಾರ ಕಟ್ಟಿದ, ಗಾಲಿಗಳು ನೆಲ ಹಿಡಿದವು. ಆಮೇಲೆ ಅವಳು ಹತ್ತಿದಳು. ತಲೆ ಕಾಯುವ ಕಮಾನು ನೆಟ್ಟಗೆ ನಿಂತಿತ್ತು, ಸೊಂಟಕ್ಕೆ ಬೆಲ್ಟು ಇತ್ತು. ಹದಿನಾಲ್ಕನೆಯ ಸಾಲಿನಲ್ಲಿ ಹೋಗಿ ಹದಿನೈದರಲ್ಲಿ ಬಂದಳು. ಒಂದು ಕುಡಿಯೂ ಮುರಿಯಲಿಲ್ಲ.

ಗಂಡ ಸಾಲಿನ ತುದಿಯಲ್ಲಿ ಕೈ ಕಟ್ಟಿ ನಿಂತಿದ್ದ. "ಇದೇ ಇರಲಿ," ಎಂದ. ಮತ್ತೆ ತನ್ನನ್ನೇ ತಿದ್ದಿಕೊಂಡು, "ಇದೇ ಆಗಬಹುದಾ?" ಎಂದು ಅವಳನ್ನು ಕೇಳಿದ. ಅವಳು ಹೂಂ ಎಂದಳು.

ಎಲ್ಲರೂ ಮನೆ ಕಡೆ ನಡೆದ ಮೇಲೆ ಅವಳು ಕಾಲುವೆ ದಂಡೆಯ ಕೊನೆಯ ಸಾಲಿನ ಬಳಿ ಒಂದು ಗಳಿಗೆ ನಿಂತಳು. ಅಗಲ ಕಡಿಮೆಯಾದ ಗಾಡಿ ಸಾಲಿಗೆ ಒಳ್ಳೆಯದು, ಆದರೆ ಅಡ್ಡ ಇಳಿಜಾರಿನಲ್ಲಿ ಬೇಗ ವಾಲುತ್ತದೆ ಎಂದು ನಾದಿನಿ ಹೇಳಿದ್ದಳು. ಈ ಸಾಲಿಗೆ ತಾನು ಯಾವ ಗಾಡಿಯನ್ನೂ ಇಳಿಸುವುದಿಲ್ಲ ಎಂದು ಅವಳು ನಿರ್ಧರಿಸಿದಳು. ಇದಕ್ಕೆ ಗುದ್ದಲಿ ಸಾಕು. ಯಾರಿಗೂ ಹೇಳಲಿಲ್ಲ. ಈ ಸಲದ ಮೌನ ನಾಚಿಕೆಯದಾಗಿರಲಿಲ್ಲ.

ಟ್ರ್ಯಾಕ್ಟರ್ ಕೊಳ್ಳಲು ಹೊರಟಿರುವ ಅಣ್ಣಂದಿರೇ, ಅಕ್ಕಂದಿರೇ, ಎಚ್‌ಪಿ ಒಂದನ್ನೇ ನೋಡಿ ಗಾಡಿ ತರಬೇಡಿ. ಎರಡು ಮೂರು ಮಾದರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬೆಳೆ ತುಂಬಿ ನಿಂತಾಗ ನಿಮ್ಮ ಸಾಲು ಎಷ್ಟು ಅಗಲ ಉಳಿಯುತ್ತದೆ, ಕೊಂಬೆ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. ನಿಮ್ಮ ನೆಲದಲ್ಲಿ, ನಿಮ್ಮ ಉಪಕರಣ ಕಟ್ಟಿ ಓಡಿಸಿ ನೋಡದೆ ಸಹಿ ಹಾಕಬೇಡಿ. ಕಮಾನು ಮಡಚಿದರಷ್ಟೇ ತೋಟದೊಳಗೆ ಹೋಗುವ ಗಾಡಿ ನಿಮ್ಮ ತೋಟದ್ದಲ್ಲ. ಮತ್ತು ದಿನವೂ ಅದನ್ನು ಓಡಿಸುವವರು ನೀವಾದರೆ, ಮೂಲೆಯಲ್ಲಿ ನಿಲ್ಲಬೇಡಿ. ಹತ್ತಿ ಕುಳಿತು ನೋಡಿ. ಕಾಲು ಎಟುಕದಿದ್ದರೆ ಎಟುಕುವುದಿಲ್ಲ ಎಂದು ಅಲ್ಲಿಯೇ, ಆಗಲೇ ಹೇಳಿ.