ಕೇಳದೆ ಎದ್ದು ಹೋಗುವ ಹುಡುಗಿ

ಪಂಚಾಕ್ಷರಯ್ಯನವರ ಹೆಸರೆತ್ತಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ತೊಂಬತ್ತೆಂಟರಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದ ಹೈಸ್ಕೂಲಿಗೆ ಅವರೇ ಹೆಡ್‌ಮಾಸ್ಟರು. ರಾಮನಾಥಪುರದ ಬಸ್ಸಿಳಿದು ನಡೆದು ಹೋಗಬೇಕಾದ ಊರು ಅದು. ಅಪ್ಪಣೆಯಿಲ್ಲದೆ ಮಕ್ಕಳು ಸೀನಿದರೂ ಈ ಮಹಾನುಭಾವರ ಬೆತ್ತ ಏಳುತ್ತಿತ್ತು.

ಎಂಟನೇ ಕ್ಲಾಸಿನ ತೇಜಶ್ರೀಗೆ ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದೆಲ್ಲ ಹಾರುತ್ತಿತ್ತು. ಊರವರು ಗಾಳಿ ಮೆಟ್ಟಿದೆ ಎಂದು ತಾಯಿತ ಕಟ್ಟಿಸಿದರು. ಹಾಸನದ ಡಾಕ್ಟರು ಮಾತ್ರ, ಇದು ಮನಸ್ಸಿನ ಕಾಯಿಲೆ, ಹೊಡೆದರೆ ಹೆಚ್ಚುತ್ತದೆ, ಸಿಟ್ಟು ಏರುವಾಗ ಏನು ಮಾಡಬೇಕೆಂದು ಅವಳೇ ತೀರ್ಮಾನಿಸಲಿ ಅಂದಿದ್ದರು. ನಾನು ಅವಳನ್ನೇ ಕೇಳಿದೆ. ಎದ್ದು ಹೋಗಿ ಸಿಟ್ಟು ಇಳಿಯುವವರೆಗೂ ಸ್ಕೂಲಂಗಳದ ಬೋರ್‌ವೆಲ್ ಒತ್ತುತ್ತಾಳಂತೆ. ಕೇಳದೆಯೇ ಹೋಗುತ್ತಾಳಂತೆ, ಆ ಹೊತ್ತಿಗೆ ಬಾಯಿ ಕಟ್ಟಿಹೋಗುತ್ತದಂತೆ. ಆಗಲಿ, ತೀರ್ಮಾನ ನಿನ್ನದೇ ಅಂದೆ. ಗೌರಿಹಬ್ಬದವರೆಗೂ ಒಂದು ಇಂಕ್ ಬಾಟಲಿಯೂ ಒಡೆಯಲಿಲ್ಲ.

ಹಬ್ಬ ಕಳೆದ ಮೇಲೆ ಹಾಗೆ ಎದ್ದು ಹೊರಟವಳನ್ನು ಹೆಡ್‌ಮಾಸ್ಟರು ವರಾಂಡದಲ್ಲಿ ರಟ್ಟೆ ಹಿಡಿದು ಎಳೆದರು. ಅವಳು ಅವರ ಕೈ ಕಚ್ಚಿದಳು. ಮಾಡಿದ್ದುಣ್ಣೋ ಮಹರಾಯ ಅಂದುಕೊಂಡೆ. ನನಗೇನೂ ಸಂಕಟವಾಗಲಿಲ್ಲ.

ಮಾರನೆಯ ದಿನ ಆಫೀಸು ರೂಮಿನಲ್ಲಿ ಪಂಚಾಯ್ತಿ. ಕೈಗೆ ಬ್ಯಾಂಡೇಜು ಸುತ್ತಿಕೊಂಡ ಹೆಡ್‌ಮಾಸ್ಟರು ಟೀಸಿ ಕೊಟ್ಟು ಕಳಿಸುತ್ತೇನೆಂದರು. ಅವಳಪ್ಪ ಚೆನ್ನಯ್ಯ ನನ್ನ ಮೇಲೇ ತಿರುಗಿಬಿದ್ದ. ಹುಡುಗಿಯನ್ನು ತಲೆ ಮೇಲೆ ಕೂರಿಸಿಕೊಂಡು ಹಾಳುಮಾಡಿದವಳು ನಾನಂತೆ, ಇನ್ನು ಅವಳು ಓದು ಬಿಟ್ಟು ಮನೆಯಲ್ಲಿ ಹೊಗೆಸೊಪ್ಪು ಪೋಣಿಸಿಕೊಂಡು ಬಿದ್ದಿರಲಂತೆ. ಕೊನೆಗೆ ಹೆಡ್‌ಮಾಸ್ಟರು ದೊಡ್ಡ ಮನಸ್ಸು ಮಾಡಿದರು. ಅವಳು ತಮ್ಮ ಕಾಲಿಗೆ ಬಿದ್ದರೆ ಸ್ಕೂಲಿನಲ್ಲಿ ಇಟ್ಟುಕೊಳ್ಳುತ್ತಾರಂತೆ.

ಓದು ನಿಂತರೆ ಅವಳ ಕಥೆ ಮುಗಿದಂತೆಯೇ. ಬಿದ್ದುಬಿಡೇ, ಒಂದು ನಿಮಿಷದ ಕೆಲಸ ಎಂದು ಪಕ್ಕದಲ್ಲಿ ನಿಂತಿದ್ದವಳ ಕಿವಿಯಲ್ಲಿ ಪಿಸುಗುಟ್ಟಿದೆ.

ತೇಜಶ್ರೀ ನನ್ನನ್ನು ದುರುಗುಟ್ಟಿ ನೋಡಿದಳು. ಕೈ ಆಗಲೇ ಟೇಬಲ್ಲಿನ ಪೇಪರ್‌ವೆಯ್ಟ್ ಹಿಡಿದಿತ್ತು. ಮುಗಿಯಿತು ಅಂದುಕೊಂಡೆ. ಅದನ್ನು ಅಲ್ಲೇ ಬಿಟ್ಟು, ಯಾರನ್ನೂ ಕೇಳದೆ ಹೊರಗೆ ಹೋದಳು. ಎಂಥ ಸೊಕ್ಕು ನೋಡಿ ಎಂದು ಹೆಡ್‌ಮಾಸ್ಟರು ಕೂಗಾಡುತ್ತಿರುವಾಗಲೇ ಬೋರ್‌ವೆಲ್ ಕಿರುಗುಟ್ಟತೊಡಗಿತು. ಅದು ನಿಲ್ಲುವವರೆಗೂ ಚೆನ್ನಯ್ಯ ಕಿಟಕಿಯ ಕಡೆಗೇ ನೋಡುತ್ತಿದ್ದ.

ಒದ್ದೆ ಮುಖದಲ್ಲೇ ಬಂದು ಬಾಗಿಲಲ್ಲಿ ನಿಂತಳು.

"ಕಚ್ಚಿದ್ದು ತಪ್ಪು ಸಾ. ಎದ್ದೋಗಿದ್ದು ತಪ್ಪಲ್ಲ. ಕಾಲ್ಗೆ ಬೀಳಾಕಿಲ್ಲ."

ಹೆಡ್‌ಮಾಸ್ಟರು ಟೀಸಿ ಬರೆಯಲು ಪೆನ್ನು ತೆಗೆದರು. ಮನೆಯಲ್ಲಿ ಒಂದು ಮಡಕೆಯನ್ನೂ ಉಳಿಸದ ಮಗಳು ಏನೂ ಒಡೆಯದೆ ನಿಂತಿದ್ದನ್ನು ಚೆನ್ನಯ್ಯ ಕಂಡದ್ದು ಅದೇ ಮೊದಲು. ಅವನ ದನಿ ಇಳಿದಿತ್ತು.

"ಎಲ್ಲಿಗೋಯ್ತೀಯವ್ವ? ನೀನೇ ಯೋಳು."

ಅರಕಲಗೂಡಿನ ಸ್ಕೂಲಿಗೆ ಅಂದಳು. ಬಸ್ಸಿನಲ್ಲಿ ತಾನೇ ಹೋಗಿ ಬರುತ್ತಾಳಂತೆ. ಅವನು ತಲೆಯಾಡಿಸಿದ.

ಗೇಟಿನವರೆಗೆ ಅವರ ಹಿಂದೆ ಹೋದೆ. ತೇಜಶ್ರೀ ನನ್ನ ಕಡೆ ತಿರುಗದೆಯೇ ಹೇಳಿದಳು: "ನೀವೂ ಬೀಳು ಅಂದ್ಬುಟ್ರಿ ಮಿಸ್."