ತೇಲಿದ ಪೆಟ್ಟಿಗೆ

"ಹಗ್ಗ ಬಿಡಬ್ಯಾಡ್ರಲೇ! ಪೆಟ್ಟಿಗಿ ಮ್ಯಾಲ ಬರಾಕತ್ತೈತಿ!"

ಸಮಾಧಿಯ ಗುಣಿ ತೋಡಿದ ಅಣ್ಣಾಸಾಬ ಕೂಗಿದಾಗ ಪಾಸ್ಟರ್ ಕುನಾಲರ ಪ್ರಾರ್ಥನೆ ನಡುವೆಯೇ ನಿಂತಿತು. ಅದು ಬೇಗ ಮುಗಿಯುವ ಪ್ರಾರ್ಥನೆಯೂ ಆಗಿರಲಿಲ್ಲ ಬಿಡಿ. ಕೊಡಗಟ್ಟಲೆ ನೀರೆತ್ತಿ, ತಳ ಕಂಡ ಮೇಲೆಯೇ ಬಾಳು ಮಾಸ್ತರರ ಶವದ ಪೆಟ್ಟಿಗೆಯನ್ನು ಇಳಿಸಿದ್ದರು. ಈಗ ಕಪ್ಪು ನೀರು ಸದ್ದಿಲ್ಲದೆ ಮತ್ತೆ ಏರಿತ್ತು. ಪೆಟ್ಟಿಗೆ ಮೆಲ್ಲಗೆ ತಿರುಗಿ ಗುಣಿಯ ಗೋಡೆಗೆ ಬಡಿಯಿತು. ದಬ್. ದಬ್. ಸುತ್ತಲಿನ ಕಬ್ಬಿನಲ್ಲಿ ಒಂದು ಗರಿಯೂ ಅಲುಗುತ್ತಿರಲಿಲ್ಲ.

"ಭೂಮಿ ಒಲ್ಲೆ ಅಂತೈತಿ," ನೆರೆಮನೆಯ ಲಕ್ಷ್ಮಿಬಾಯಿ ಹಿಂದೆ ಸರಿದಳು. "ಬೈಬಲ್ಲಿನ ನೋಹನ ಪ್ರಳಯ ಇಡೀ ಭೂಮಿ ಮುಚ್ಚಿರಲಿಲ್ಲ ಅಂತ ಮಾಸ್ತರ ಅಂತಿದ್ರಲ್ಲ. ಈಗ ನೀರ ಸಾಕ್ಷಿ ಹೇಳಾಕ ಬಂದೈತಿ."

ಮಾಸ್ತರರ ಹೆಂಡತಿ ಸುಂದರಾ ತೇಲುವ ಪೆಟ್ಟಿಗೆಯನ್ನೇ ನೋಡಿದಳು. ಗಂಡನ ಇಂಥ ಮಾತಿಗೆ ದೇವರು ಮುನಿದಾನು ಎಂಬ ಭಯ ಮದುವೆಯಾದಾಗಿನಿಂದ ಅವಳಿಗೂ ಇತ್ತು.

"ಅವ್ವಾರ, ಇದು ದೇವರ ಸೂಚನಾ ಅನಸತೈತ್ರಿ," ಪಾಸ್ಟರ್ ತಗ್ಗಿದ ದನಿಯಲ್ಲಿ ಹೇಳಿದರು. "ಚರ್ಚಿನ ಬೇಲಿ ಆಚೆ ಎಲ್ಲರೆ ಹೂಳೂಣು."

*

ಹೋದ ಈಸ್ಟರ್‌ಗೆ ಗಂಡ ಹೆಂಡತಿ ಇಲ್ಲೇ ಸಮಾಧಿಗಳಿಗೆ ಹೂವಿಡಲು ಬಂದಿದ್ದರು. ಸವಳೆದ್ದು ಬೆಳ್ಳಗಾದ ನೆಲವನ್ನು ಮಾಸ್ತರರು ಕಾಲಿನಿಂದ ಕೆದಕಿದರು. ಹೆಂಡತಿಗೂ ವಿಜ್ಞಾನದ ಪಾಠ ತಪ್ಪಿಸದ ಮನುಷ್ಯ.

"ಕಬ್ಬಿಗಿ ಬಿಟ್ಟ ಕಾಲುವಿ ನೀರ ಕೆಳಗ ನಿಂತೈತಿ. ನಾಳೆ ನನ್ನ ಪೆಟ್ಟಿಗಿ ತೇಲಿದ್ರ ಅಂಜಬ್ಯಾಡ. ತೂತ ಹಾಕಸು."

"ಬಿಡ್ತು ಅನ್ರಿ! ಬೈಬಲ್ ಸುಳ್ಳ ಅಂದ್ರಿ, ಈಗ ಸಾವೂ ನಿಮಗ ಚ್ಯಾಷ್ಟಿ."

"ಸುಳ್ಳ ಅಂದಿಲ್ಲ. ನೀರ ಎಲ್ಲಿತನಾ ಏರಿತ್ತು ಅಂತ ಮಣ್ಣಿಗಿ ಕೇಳ್ತೀನಿ. ದೇವರ ಮನಸ್ಸು ಯಾಕ ನೊಂದಿತ್ತು ಅಂತ ಬೈಬಲ್ಲಿಗಿ ಕೇಳ್ತೀನಿ. ತಿಳೀತೇನ?"

ಸುಂದರಾ ಮುಖ ತಿರುಗಿಸಿದಳು. ಆ 'ತಿಳೀತೇನ' ಪ್ರಶ್ನೆಗೆ ಅವಳು ಒಮ್ಮೆಯೂ ಹೂಂ ಅಂದವಳಲ್ಲ.

*

"ಬೇಲಿ ಆಚೆ ಯಾಕ್ರಿ?" ಸುಂದರಾ ಮುಂದೆ ಬಂದಳು. "ಅದು ಕಾಲುವಿ ನೀರ. ಅವರ ಮೊದಲ ಹೇಳಿದ್ರು. ಅದಕ್ಕ ದೇವರ ಹೆಸರ ಹಚ್ಚಬ್ಯಾಡ್ರಿ. ಅಣ್ಣಾಸಾಬ, ಬೈರಿಗಿ ತಾ. ಪೆಟ್ಟಿಗಿಗೆ ತೂತ ಹಾಕು."

ಪಾಸ್ಟರ್ ಹಿಂದೆ ಸರಿದು ಅಣ್ಣಾಸಾಬನಿಗೆ ದಾರಿ ಬಿಟ್ಟರು. ಅವರೂ ಮಾಸ್ತರರ ಕ್ಲಾಸಿನಲ್ಲಿ ಕೂತವರೇ.

ಅಣ್ಣಾಸಾಬ ತೊಡೆಮಟ್ಟದ ನೀರಿಗಿಳಿದು ಕೊರೆದ. ಪೆಟ್ಟಿಗೆ ವಾಲಿತು, ಮುಳುಗಿತು. ಮೇಲೆ ಕಲ್ಲು ಹೇರಿದರು. ಬಡಿತ ನಿಂತಿತು. ಆಮೇಲೆ ಗುಳ್ಳೆ ಎದ್ದವು. ಒಂದು, ತಡೆದು ಇನ್ನೊಂದು, ಮಾತಿನ ನಡುವೆ ಉಸಿರೆಳೆದುಕೊಂಡ ಹಾಗೆ. ಲಕ್ಷ್ಮಿಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಒಳಗಿನ ಗಾಳಿ ಅದು," ಸುಂದರಾ ಎಲ್ಲರಿಗೂ ಕೇಳುವಂತೆ ಹೇಳಿದಳು. ಅವಳ ಮೈಯೆಲ್ಲ ಮುಳ್ಳೆದ್ದಿತ್ತು.

ಗುಳ್ಳೆಗಳು ನಿಂತವು. ಅವಳು ಮಂಡಿಯೂರಿ ಗುಣಿಗೆ ಬಾಗಿ, ಹಿಡಿ ಮಣ್ಣನ್ನು ನೀರಿಗೆ ಬಿಟ್ಟಳು.

"ಹೂಂರಿ," ಎಂದಳು ಮೆಲ್ಲಗೆ. "ತಿಳೀತು."

ಕೆಳಗಿನಿಂದ ಇನ್ನೊಂದು ಗುಳ್ಳೆ ಎದ್ದು ಒಡೆಯಿತು.