ಗುರುವಾರವೇ ಹೊರಟಿದ್ದ ಮೇಬೆಲ್

ಈ ಕಥೆ ಹೇಳಲು ನನಗೇನು ಅರ್ಹತೆ ಎಂದು ಕೇಳಿದರೆ ಉತ್ತರವಿಲ್ಲ, ಕ್ಷಮಿಸಬೇಕು. ಸಮುದ್ರ ದಾಟಿದವರು ಬೇರೆ. ನಾನು ದಡದಲ್ಲಿ ಕಪ್ಪೆಚಿಪ್ಪು ಬೇಯಿಸುತ್ತಿದ್ದವಳು. ನೆಟ್ಟಗೆ ನಾಲ್ಕು ಸಾಲು ಬರೆಯಲು ಕಲಿತದ್ದೂ ಆಮೇಲೆ, ಸಂಜೆ ಶಾಲೆಯಲ್ಲಿ.

ಯುದ್ಧದ ಆ ವರ್ಷ, ಮೇ ತಿಂಗಳ ಕೊನೆಯ ಶುಕ್ರವಾರ, ನೌಕಾಪಡೆಯ ಎಳೆ ಮೀಸೆಯ ಅಧಿಕಾರಿಯೊಬ್ಬ ನಮ್ಮೂರ ದೋಣಿಕಟ್ಟೆಗೆ ಬಂದ. ಸಮುದ್ರದಾಚೆ ಫ್ರಾನ್ಸಿನ ದಡದಲ್ಲಿ ನಮ್ಮ ಸೈನಿಕರು ಜರ್ಮನ್ನರ ಮುತ್ತಿಗೆಗೆ ಸಿಕ್ಕಿಬಿದ್ದಿದ್ದಾರೆ, ಅಲ್ಲಿ ದೊಡ್ಡ ಹಡಗು ದಡ ಮುಟ್ಟದು, ಅವರನ್ನು ಕರೆತರಲು ಸಣ್ಣ ದೋಣಿಗಳೆಲ್ಲ ಇನ್ನು ಸರ್ಕಾರದ ವಶ ಎಂದ. ದೋಣಿಯವರೂ ಬರಬಹುದು, ಬಾರದಿದ್ದರೆ ಅವನ ಹುಡುಗರೇ ನಡೆಸುತ್ತಾರೆ.

ನನ್ನ ದೊಡ್ಡಪ್ಪ ಓಬೆಡ್, ತನ್ನ ‘ಮೇಬೆಲ್’ ದೋಣಿಯನ್ನು ಬೇರೆಯವರು ಮುಟ್ಟಿದರೆ ಹಲ್ಲುನೋವು ಬಂದವನಂತೆ ಮುಖ ಮಾಡುವವನು. ಆದರೆ ನಮ್ಮೂರಲ್ಲಿ ಶುಕ್ರವಾರ ಯಾರೂ ಪ್ರಯಾಣ ಶುರು ಮಾಡುವುದಿಲ್ಲ.

“ನಾಳೆ ಬರ್ತೀನಿ ಸಾರ್,” ಎಂದ.

“ಜರ್ಮನ್ನರು ನಾಳೆವರೆಗೂ ಕಾಯಲ್ಲ, ಅಜ್ಜ!”

“ಬೇಕಾದ್ರೆ ಅವ್ರು ಶುಕ್ರವಾರ ಹೊರಡ್ಲಿ. ಅವ್ರಿಗೇ ಕೆಡುಕು.”

“ಹಾಗಾದ್ರೆ ಉಬ್ಬರ ತುಂಬಿದ ಕೂಡ್ಲೇ ನಮ್ಮ ಹುಡುಗರು ತಗೊಂಡು ಹೋಗ್ತಾರೆ.”

ಆ ಹುಡುಗರಲ್ಲಿ ಒಬ್ಬ ಆಗಲೇ ಮೇಬೆಲ್ ಹತ್ತಿ, ಕಾಣದೆ ಬಲೆಯ ಮೇಲೆ ಕಾಲಿಟ್ಟು ಮುಗ್ಗರಿಸಿದ. ದೊಡ್ಡಪ್ಪನ ಕಣ್ಣು ತುಂಬಿತು.

ಅಷ್ಟರಲ್ಲಿ ದೊಡ್ಡಮ್ಮ ಹೆಸ್ಟರ್ ಕೈ ಒರೆಸಿಕೊಳ್ಳುತ್ತ ಚಿಪ್ಪು ಬೇಯಿಸುವ ಕೊಟ್ಟಿಗೆಯಿಂದ ಬಂದಳು.

“ಯಾಕೋ ಓಬೆಡ್, ಸತ್ತ ಮೀನಿನ ಹಾಗೆ ನಿಂತಿದ್ದೀಯ? ಮೇಬೆಲ್ ನಿನ್ನೇನೇ ಹೊರಟಾಯ್ತಲ್ಲ!”

“ಯಾವಾಗ?”

“ನೀನು ಉಂಡು ಗೊರಕೆ ಹೊಡೀತಿದ್ಯಲ್ಲ, ಆವಾಗ. ಹಗ್ಗ ಬಿಚ್ಚಿ ಎರಡು ಮಾರು ಮುಂದೆ ನೂಕಿ ಕಟ್ಟಿದೆ. ಗುರುವಾರ ಹೊರಟವಳು ದಾರೀಲಿ ನಿಂತಿದ್ದಾಳೆ ಅಷ್ಟೆ.”

“ನನ್ನ ಕೇಳ್ದೆ ದೋಣಿ ಮುಟ್ಟಿದ್ಯಾ?”

“ಯಾಕೆ, ನನ್ನ ಕೈಗೆ ಮುಳ್ಳಿದ್ಯಾ?”

ಅಧಿಕಾರಿ ಒಳ್ಳೆಯವನು, ನಗಲಿಲ್ಲ. “ಹಾಗಾದ್ರೆ ನೀವು ಆಗ್ಲೇ ಒಂದು ದಿನ ತಡ, ಅಜ್ಜ,” ಎಂದ.

“ಇಳಿಯೋ ನನ್ನ ಬಲೆ ಮೇಲಿಂದ!” ಎನ್ನುತ್ತ ದೊಡ್ಡಪ್ಪ ದೋಣಿಗೆ ಹಾರಿದ. ಪಕ್ಕದ ದೋಣಿಯವರು, “ನಮ್ಮದನ್ನೂ ಮೇಬೆಲ್‌ಗೇ ಕಟ್ಟಿದ್ವಿ, ನಾವೂ ನಿನ್ನೆ ಹೊರಟಂಗೇ!” ಎಂದು ಕೂಗಿ ಹಿಂದೆಯೇ ಹೊರಟರು.

ಭಾನುವಾರ ಮೇಬೆಲ್ ಮರಳಿದಳು, ಮೂತಿ ಜಜ್ಜಿಕೊಂಡು. ಕೂಗಿ ಕೂಗಿ ದೊಡ್ಡಪ್ಪನ ಸ್ವರ ಬಿದ್ದುಹೋಗಿತ್ತು. ಒಂದಿಡೀ ಬ್ರೆಡ್ ಮುಗಿಸಿ, “ಗುರುವಾರ ಹೊರಟಿದ್ದಕ್ಕೆ ಬಚಾವ್,” ಎಂದು ಪಿಸುಗುಟ್ಟಿದ.

ಆ ಗುರುವಾರ ಮಧ್ಯಾಹ್ನ ನಾನು ದೊಡ್ಡಮ್ಮನ ಜೊತೆಗೇ ಒಲೆಯ ಮುಂದಿದ್ದೆ. ಅವಳು ಎದ್ದು ಹೋದದ್ದು ನೆನಪಿಲ್ಲ. ನಾನು ನೀರು ತರಲು ಹೋದಾಗ ಹೋಗಿದ್ದರೂ ಹೋಗಿರಬಹುದು. ಕೇಳಿದ್ದಕ್ಕೆ ಅವಳು ನನ್ನ ಬಾಯಿಗೆ ಬಿಸಿ ಚಿಪ್ಪಿನ ಮಾಂಸ ತುರುಕಿದಳು. ನಿಜ ಏನೆಂದು ನನಗೆ ಇಂದಿಗೂ ಗೊತ್ತಿಲ್ಲ.